ನಾಲ್ಕೇ ಜನರ ಮೆರವಣಿಗೆ

ನ್ಯಾಯದ ಕೆಲಸಕ್ಕೆ ಹೊರಟವನು ಮುಖ ಬಿಗಿದುಕೊಂಡೇ ಹೊರಡುತ್ತಾನೆ. ನಗೆ ಬರಿಸುವವರು ದಾರಿಯುದ್ದಕ್ಕೂ ಸಿಗುತ್ತಲೇ ಇರುತ್ತಾರೆ. ಅರುವತ್ತರ ದಶಕದಲ್ಲಿ ನಾನು ಮೂಡುಬಿದಿರೆಯಲ್ಲಿ ಇಂಗ್ಲಿಷ್ ಮಾಸ್ತರ. ಮೈಸೂರು ಕಡೆಯ ಶಿಬಿರದಿಂದ ಸ್ವೆಟರ್ ಮಾರಲು ಬಂದಿದ್ದ ಮೂವರು ಟಿಬೆಟಿನ ತರುಣರು ಒಂದು ಮನವಿ ಹಿಡಿದು ಶಾಲೆಗೆ ಬಂದರು. ಚೀನಾ ತಮ್ಮ ದೇಶ ಬಿಟ್ಟು ಹೋಗಬೇಕು, ದಿಲ್ಲಿ ಅದನ್ನು ಬಾಯಿಬಿಟ್ಟು ಹೇಳಬೇಕು ಎಂದು ಅದರಲ್ಲಿತ್ತು. ಇಂಗ್ಲಿಷ್ ತಿದ್ದಿಕೊಟ್ಟೆ.

"ಊರೂರಲ್ಲಿ ಸಹಿ ಹಾಕಿಸಿ, ಬಾವುಟ ಹಿಡಿದು ಬೆಳ್ತಂಗಡಿ ತಾಲೂಕು ಕಚೇರಿಗೆ ನಡೆದೇ ಹೋಗಿ ಕೊಡ್ತೀವಿ ಸರ್," ಎಂದ ಅವರಲ್ಲಿ ಕನ್ನಡ ಬಲ್ಲವನು. "ನಮ್ಮ ದೇಶದಿಂದ ಅಡಗಿಕೊಂಡು ಬಂದವರು ನಾವು. ಒಂದು ಸಲವಾದರೂ ರಸ್ತೆಯ ನಡುವೆ ನಡೀಬೇಕು."

ನಾನೂ ಹೊರಟೆ.

೧. ಬಂಟ್ವಾಳದ ಸಲಹೆ

ಬಂಟ್ವಾಳದ ಜವಳಿ ಅಂಗಡಿಯ ಯಜಮಾನರಾದ ಬ್ಯಾರಿಗಳು ಮನವಿಯನ್ನು ಎರಡು ಸಲ ಓದಿಸಿಕೊಂಡರು.

"ನಿಮಗೆ ವ್ಯಾಪಾರ ಗೊತ್ತಿಲ್ಲ ಮಾರಾಯ್ರೆ. ಬೇಕಾದಷ್ಟನ್ನೇ ಕೇಳಿದರೆ ಅರ್ಧವೂ ಸಿಗುವುದಿಲ್ಲ. ಟಿಬೆಟ್ ಬೇಕಾದರೆ ಪೀಕಿಂಗನ್ನೂ ಸೇರಿಸಿ ಕೇಳಿ. ಆಮೇಲೆ ಪೀಕಿಂಗ್ ಬಿಟ್ಟುಕೊಡುವ."

"ಪೀಕಿಂಗ್ ನಮಗೆ ಬೇಡ ಸಾಹುಕಾರ್ರೆ. ನಮ್ಮದು ಎಷ್ಟಿದೆಯೋ ಅಷ್ಟೇ. ಒಂದು ಗೇಣೂ ಕಡಿಮೆ ಮಾಡಲ್ಲ," ಎಂದ ಕನ್ನಡ ಬಲ್ಲ ತರುಣ.

ಬ್ಯಾರಿಗಳು ಅವನನ್ನೇ ನೋಡಿದರು. ಪೆನ್ನು ತೆಗೆದು ಸಹಿ ಹಾಕಿ, ಕೆಳಗೆ ಬರೆದರು: "ಒಂದೇ ದರ. ಚೌಕಾಸಿ ಇಲ್ಲ."

೨. ನೆರಿಯದ ಬಸ್ಸು

ಕಾಡಂಚಿನ ನೆರಿಯದಲ್ಲಿ ಪಟೇಲರು ಕಾಗದ ಊರೊಳಗೆ ಕೊಂಡುಹೋಗಿ, ಊರವರೆಲ್ಲರ ಸಹಿ ಹಾಕಿಸಿ ತಂದರು. ನೋಡಿದರೆ ಕೊನೆಯ ಸಾಲಿನ ಕೆಳಗೆ ಹೊಸತೊಂದು ಸಾಲು: "ಹಾಗೆಯೇ ನೆರಿಯಕ್ಕೆ ದಿನಕ್ಕೊಂದು ಬಸ್ಸು."

ನಾನು ಹೊಡೆದುಹಾಕಲು ಹೊರಟೆ. ಅದೇ ತರುಣ ತಡೆದ. "ಇರಲಿ ಸರ್. ನಮ್ಮ ದೇಶಕ್ಕೆ ಅವರು ಸಹಿ ಹಾಕಿದ್ದಾರೆ. ಅವರ ಬಸ್ಸಿಗೆ ನಾವು ಬೇಡ ಅನ್ನೋದಾ?"

ಪಟೇಲರಿಗೆ ಅವನ ಮೇಲೆ ಕನಿಕರ ಬಂತು. "ಬೇಜಾರು ಮಾಡಬೇಡ ಮಗಾ. ನಿನ್ನ ದೇಶ ಸಿಗ್ತದೆ. ಬಸ್ಸು ಕಷ್ಟ."

೩. ಐದನೆಯವನು

ಗುರುವಾಯನಕೆರೆಯಿಂದ ಬೆಳ್ತಂಗಡಿಗೆ ಬಾವುಟ ಬಿಚ್ಚಿ ಹೊರಟೆವು. ಹಿಂದೆ ಹೋಟೆಲಿನವರು, ದರ್ಜಿ, ಸಂತೆಗೆ ಬಂದವರು, ಹೀಗೆ ಜನ ಕೂಡಿಕೊಂಡರು. ಪೊಲೀಸ್ ಅಧಿಕಾರಿಯೊಬ್ಬರು ಜೀಪು ಅಡ್ಡ ನಿಲ್ಲಿಸಿದರು.

"ಆಜ್ಞೆ ಜಾರಿಯಲ್ಲುಂಟು ಮಾಸ್ಟ್ರೆ. ಐದು ಜನ ಒಟ್ಟಿಗೆ ಹೋಗುವ ಹಾಗಿಲ್ಲ. ಬಾವುಟ ಮಡಚಿ."

ಆಜ್ಞೆಯ ಪ್ರತಿ ಕೇಳಿ ತೆಗೆದುಕೊಂಡು, ಕೊನೆಯ ಅಕ್ಷರದವರೆಗೂ ಓದಿದೆ. ಬಾವುಟದ ಸುದ್ದಿ ಅದರಲ್ಲಿರಲಿಲ್ಲ. ಮೂವರು ತರುಣರು, ನಾನೊಬ್ಬ, ನಾಲ್ಕಾಯಿತು. ಉಳಿದವರಿಗೂ ನಾಲ್ಕು ನಾಲ್ಕು ಜನರಾಗಿ, ನಡುವೆ ಐವತ್ತು ಹೆಜ್ಜೆ ಬಿಟ್ಟು ಬರಲು ಹೇಳಿದೆ. ಸೇರಿಸಿ ಎಂದು ಹೋಟೆಲಿನವರು ಎಷ್ಟು ಬೇಡಿದರೂ ನಮ್ಮ ಸಾಲಿಗೆ ಬಿಡಲಿಲ್ಲ. ಮುಕ್ಕಾಲು ಫರ್ಲಾಂಗಿನಷ್ಟೇ ಉದ್ದ ಇರಬೇಕಿದ್ದ ಮೆರವಣಿಗೆ, ತಿರುಗಿ ನೋಡಿದರೆ, ಕಣ್ಣಿಗೆ ಕಾಣುವವರೆಗೂ ಇತ್ತು.

ಅಧಿಕಾರಿಗೆ ರೇಗಿತು. ಕಾವಲಿಗೆಂದು ಒಬ್ಬ ಪೇದೆಯನ್ನು ನಮ್ಮ ಪಕ್ಕಕ್ಕೇ ಅಟ್ಟಿದರು. ನಾನು ಅಲ್ಲೇ ನಿಂತೆ.

"ಈಗ ಐದಾಯಿತು. ನಿಮ್ಮ ಆಜ್ಞೆ ಮುರಿದವನು ನಿಮ್ಮ ಪೇದೆ. ಅವನನ್ನು ಹೊರಗೆ ಕರೆಯಿರಿ, ಇಲ್ಲವಾದರೆ ಹಿಡಿದುಹಾಕಿ. ಅಲ್ಲಿಯವರೆಗೆ ನಾವು ರಸ್ತೆಯ ನಡುವೆಯೇ ನಿಲ್ಲುತ್ತೇವೆ."

ಹಿಂದೆ ದಾರಿ ಸಿಗದೆ ನಿಂತ ಬಸ್ಸೊಂದು ಹಾರ್ನ್ ಹೊಡೆಯತೊಡಗಿತು. ಅಧಿಕಾರಿ ಆಜ್ಞೆಯನ್ನು ನೋಡಿದರು, ಬಾವುಟವನ್ನು ನೋಡಿದರು, ಕೊನೆಗೆ ಪೇದೆಗೆ ಕೈಬೀಸಿ "ಈಚೆ ಬಾ" ಎಂದರು.

ಪೇದೆ ಸಲ್ಯೂಟ್ ಹೊಡೆದ. "ಸಾರ್, ಹಿಂದಿನ ಸಾಲಿನಲ್ಲಿ ಮೂರೇ ಜನ ಇದ್ದಾರೆ. ಅಲ್ಲಿಗೆ ಸೇರಲಾ?"