ಅಧ್ಯಕ್ಷರಿಗೆ ಔಟಿಲ್ಲ

ಪುತ್ತೂರು, ಸುಳ್ಯ, ಕಡಬ, ಎಲ್ಲಿಯ ಮೈದಾನಕ್ಕೆ ಹೋದರೂ ಇಂಥದ್ದೊಂದು ಆಗದೆ ನಾನು ಮನೆಗೆ ಬಂದದ್ದಿಲ್ಲ. ಒಂದು ಕಾಲದಲ್ಲಿ ರಾಜ್ಯ ತಂಡಕ್ಕೆ ಆಡಿದವ ನಾನು, ಈಗ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷ. ಆಡುವಾಗ ವೇದಿಕೆಯಲ್ಲಿ ಕೂತು ಆಕಳಿಸುವವರನ್ನು ಕಂಡರೆ ಪಾಪ ಅನಿಸುತ್ತಿತ್ತು. ಈಗ ಆ ಪಾಪದವ ನಾನೇ.

ಮೊದಲ ಚೆಂಡು

ಪಂದ್ಯಾಟ ಉದ್ಘಾಟಿಸಲು ಬಂದ ಅತಿಥಿ ಒಂದು ಚೆಂಡು ಆಡಬೇಕು ಎನ್ನುವುದು ನಮ್ಮ ಕಡೆಯ ಕ್ರಮ. ಸವಣೂರಿನಲ್ಲಿ ಹೆಗಲ ಶಾಲನ್ನು ತೆಗೆಯದೆಯೇ ನಿಂತೆ. ಬೌಲರ್ ಮೆಲ್ಲ ಎಸೆದ. ನಾನು ಹಳೆಯ ಹುರುಪಿನಲ್ಲಿ ಬೀಸಿದೆ. ನಡುವಿನ ವಿಕೆಟ್ ಹಾರಿತು. ಅಂಪೈರ್ ಥಟ್ಟನೆ ಕೈ ಚಾಚಿದ.

"ನೋಬಾಲ್ ಸರ್."

ಎರಡನೆಯದಕ್ಕೂ ವಿಕೆಟ್ ಹೋಯಿತು. ಅದೂ ನೋಬಾಲ್.

"ಅವನ ಕಾಲು ಗೆರೆಯಿಂದ ಎಷ್ಟೋ ಹಿಂದೆ ಇತ್ತಲ್ಲ ಮಾರಾಯ?" ಎಂದೆ.

"ಗೆರೆಯೇ ತಪ್ಪು ಹಾಕಿದ್ದು ಸರ್. ನೀವು ಆಡಿ."

ಮಾಸ್ಟ್ರ ಕ್ಯಾಚು

ಕಡಬದಲ್ಲಿ ಒಂದು ಸ್ನೇಹ ಪಂದ್ಯ. ನಾನು ಎತ್ತಿ ಹೊಡೆದ ಚೆಂಡು ನೇರವಾಗಿ ಬೌಂಡರಿಯಲ್ಲಿ ನಿಂತಿದ್ದ ಪಿ.ಟಿ. ಮಾಸ್ಟ್ರ ಕೈಗೆ ಹೋಯಿತು. ಹಿಡಿದರು, ಹೊಡೆದದ್ದು ಯಾರೆಂದು ನೋಡಿದರು, ಚೆಂಡನ್ನು ಮೆಲ್ಲ ಗೆರೆಯಾಚೆ ಇಟ್ಟು ಎರಡೂ ಕೈ ಎತ್ತಿ ಸಿಕ್ಸರ್ ತೋರಿಸಿದರು.

"ಎಂತ ಮಾಸ್ಟ್ರೆ, ಹಿಡಿದಿರಲ್ಲ?"

"ಹಿಡಿದದ್ದು ಹೌದು ಸರ್. ಆದ್ರೆ ನಮ್ಮ ಶಾಲೆಯ ಪಿಚ್ಚಿಗೆ ಹಾಸ್ಲಿಕ್ಕೆ ಮ್ಯಾಟ್ ನೀವೇ ಕೊಡ್ಬೇಕಲ್ಲ?"

ಹೆಂಡತಿ ಕೇಳಿದ್ದು

ಒಮ್ಮೆಯಾದರೂ ಸರಿಯಾಗಿ ಔಟ್ ಆಗಬೇಕು ಎಂದು ಹೆಂಡತಿಯ ಹತ್ತಿರ ಹೇಳಿಕೊಂಡೆ.

"ಎಲ್ಲರೂ ಔಟ್ ಆಗ್ಬಾರ್ದು ಅಂತ ದೇವರಿಗೆ ಕೈ ಮುಗಿಯುದು. ನಿಮ್ಮದೆಂತ ಉಲ್ಟಾ?"

ಅವಳಿಗೆ ಹೇಗೆ ಹೇಳುವುದು? ಔಟಾಗಿ, ಬ್ಯಾಟನ್ನು ಕಂಕುಳಲ್ಲಿ ಇಟ್ಟು, ಗ್ಲೌಸ್ ಬಿಚ್ಚುತ್ತಾ ಹೊರಗೆ ನಡೆಯುವಾಗ ಹೊಟ್ಟೆಯೊಳಗೆ ಒಂದು ಉರಿ ಇರುತ್ತದೆ. ಅದು ಆಟದ ಒಳಗೆ ಇದ್ದವನಿಗೆ ಮಾತ್ರ ಸಿಗುವಂಥದ್ದು. ಶಾಲು, ಹಾರ ಎಷ್ಟು ಬಿದ್ದರೂ ನನಗೆ ಆ ಉರಿ ಮತ್ತೆ ಸಿಕ್ಕಿರಲಿಲ್ಲ. ಅದಕ್ಕಾಗಿ ಜೀವ ಹಂಬಲಿಸುತ್ತಿತ್ತು.

"ಒಬ್ಬ ವೈದ್ಯರ ಹತ್ತಿರ ಕೇಳುವನಾ?" ಎಂದಳು.

ಕಲ್ಲುಗುಂಡಿಯಲ್ಲಿ

ಅಲ್ಲಿ ಒಂದು ತಂಡಕ್ಕೆ ಒಬ್ಬ ಆಟಗಾರ ಕಡಿಮೆ ಬಿದ್ದ. ನಾನೇ ವೇದಿಕೆಯಿಂದ ಇಳಿದು ಹೋದೆ. ಇಬ್ಬರು ನಾಯಕರನ್ನೂ ಅಂಪೈರನ್ನೂ ಕರೆದು, "ಅಧ್ಯಕ್ಷ ಅಂತ ನೋಡ್ಬೇಡಿ, ದಮ್ಮಯ್ಯ" ಎಂದು ಬೇಡಿಕೊಂಡೆ.

ಬೌಲರ್ ರಬ್ಬರ್ ತೋಟದಲ್ಲಿ ಟ್ಯಾಪಿಂಗ್ ಮಾಡುವ ಎಡಗೈಯವ. ದಾಕ್ಷಿಣ್ಯದ ಪೈಕಿಯವನಲ್ಲ. ಚೆಂಡು ಒಳಗೆ ತಿರುಗಿ ಬಂದು ವಿಕೆಟನ್ನು ಕಿತ್ತೇ ಹಾಕಿತು. ಅಂಪೈರ್ ನನ್ನನ್ನು ನೋಡಿದ, ವೇದಿಕೆಯನ್ನು ನೋಡಿದ, ಬೆರಳೆತ್ತಿದ. ಬೌಲರ್ ಕುಣಿಯುತ್ತಾ ನನ್ನ ಮುಖಕ್ಕೇ ಕೈ ತೋರಿಸಿ, "ಹೋಗು, ಹೋಗು" ಎಂದ. ಎಷ್ಟು ವರ್ಷವಾಗಿತ್ತು ನನಗೆ ಯಾರಾದರೂ ಹಾಗೆ ಹೇಳಿ. ಕಣ್ಣು ತುಂಬಿತು. ಬ್ಯಾಟನ್ನು ಕಂಕುಳಲ್ಲಿಟ್ಟು, ಒಳಗಿನ ಆ ಉರಿಯನ್ನು ಜೋಪಾನ ಮಾಡಿಕೊಂಡು ನಡೆಯತೊಡಗಿದೆ.

ಆಗ ಮೈಕು ಕೂಗಿತು: "ನಮ್ಮ ಮಾನ್ಯ ಅಧ್ಯಕ್ಷರು ಯುವ ಬೌಲರನ್ನು ಪ್ರೋತ್ಸಾಹಿಸುವ ದೊಡ್ಡ ಮನಸ್ಸಿನಿಂದ ತಮ್ಮ ವಿಕೆಟನ್ನು ದಾನ ಮಾಡಿದ್ದಾರೆ. ಜೋರಾದ ಚಪ್ಪಾಳೆ."

ಕುಣಿಯುತ್ತಿದ್ದ ಬೌಲರ್ ಗಕ್ಕನೆ ನಿಂತ. ಓಡಿ ಬಂದು ನನ್ನ ಕಾಲಿಗೆ ಬಿದ್ದ.

"ಗೊತ್ತಾಗ್ಲಿಲ್ಲ ಸರ್," ಎಂದ, "ನಾನೇ ತೆಗೆದದ್ದು ಅಂತ ಎಣಿಸಿದೆ."