ಬರೀ ಮುಖ ಒಳಗೆ ಬಿಡಬೇಡ

ಗೇಟಲ್ಲಿ ಕೂತೋರು ನಗೋದಕ್ಕೆ ಅಂತ ಬೇರೆ ಎಲ್ಲಿಗೂ ಹೋಗಬೇಕಾಗಿಲ್ಲ. ನಗು ತಾನಾಗೇ ನಡ್ಕೊಂಡು ಬಂದು ಎದುರಿಗೆ ನಿಂತ್ಕೊಳ್ಳುತ್ತೆ.

ನಾನು ತಮಿಳುನಾಡಿಗೆ ಸೇರಿದ, ಕನ್ನಡದೋರೂ ತುಂಬಾ ಇರೋ ಹೊಸೂರು ಕಡೆ ಒಂದು ಸರ್ಕಾರಿ ಆಫೀಸಲ್ಲಿ ಗುಡಿಸಿ ಒರೆಸೋ ಕೆಲಸಕ್ಕೆ ಸೇರಿದೋಳು. ಪರ್ಮನೆಂಟ್ ಅಲ್ಲ, ಬೇಕು ಅಂದಷ್ಟು ದಿನ ಇರು ಅನ್ನೋ ಲೆಕ್ಕ. ಕೊರೊನಾ ಬಂದಿದ್ದೇ ಬಂದಿದ್ದು, ಕೈಲಿದ್ದ ಪೊರಕೆ ಕಿತ್ಕೊಂಡು ಗೇಟಲ್ಲಿ ಕೂರಿಸಿಬಿಟ್ರು. ಮಾಸ್ಕ್ ಇಲ್ಲದೋರನ್ನ ತಡೆಯೋದು, ಇದ್ದೋರ ಕೈಗೆ ಸ್ಯಾನಿಟೈಸರ್ ಹಾಕಿ ಒಳಗೆ ಬಿಡೋದು, ಇಷ್ಟೇ ಕೆಲಸ. ಜನ ನನಗೆ ಗೇಟಮ್ಮ ಅಂತ ಹೆಸರಿಟ್ರು.

ಅದೇ ಸಮಯಕ್ಕೆ ತಿರುನೆಲ್ವೇಲಿ ಕಡೆಯಿಂದ ಹೊಸ ಆಫೀಸರ್ ಬಂದ್ರು. ನಾವು ಅವರನ್ನ ದೊಡ್ಡ ಸಾರು ಅಂತಿದ್ವಿ. ತಮಿಳು ಬಿಟ್ಟು ಬೇರೆ ಮಾತು ಬರದು. ಪಾಪ, ಅವರ ಸ್ವಂತ ಅಣ್ಣ ಇದೇ ಕಾಯಿಲೇಲಿ ಹೋಗಿದ್ರಂತೆ. ಅದಕ್ಕೇ ಮಾಸ್ಕ್ ವಿಷಯಕ್ಕೆ ಬಂದ್ರೆ ಮನುಷ್ಯ ಬೆಂಕಿ. ಬಂದ ದಿನವೇ ನನ್ನ ಕರೆದು, ಒಂದೇ ಒಂದು ಬರೀ ಮುಖ ಒಳಗೆ ಕಂಡ್ರೂ ಮಾರನೇ ದಿನದಿಂದ ನೀನು ಹೊರಗೆ, ಅಂದ್ರು. ನಮ್ಮನೆಯವರು ಕೆಲಸಕ್ಕೆ ಹೋಗ್ತಿದ್ದ ಫ್ಯಾಕ್ಟರಿ ಬಾಗಿಲು ಹಾಕಿತ್ತು, ಮನೇಲಿ ಒಲೆ ಹತ್ತುತ್ತಾ ಇದ್ದಿದ್ದು ನನ್ನ ಈ ಕೆಲಸದಿಂದಲೇ. ಆಯ್ತು ಸಾರ್ ಅಂತ ತಲೆ ಆಡಿಸಿದೆ. ಹಾಗೆ ಮಾತಾಡಿದಾಗಲೂ ಇಬ್ಬರ ಮುಖಕ್ಕೂ ಮಾಸ್ಕ್. ನನ್ನ ಮೂಗು ಚಪ್ಪಟೆನೋ ಚೂಪೋ ಅಂತ ಅವರಿಗೆ ಗೊತ್ತಿಲ್ಲ, ಅವರಿಗೆ ಮೀಸೆ ಐತೋ ಇಲ್ವೋ ಅಂತ ನನಗೆ ಗೊತ್ತಿಲ್ಲ.

ಕಟ್ಟಾಯ್ತು ಕಣವ್ವ

ದೊಡ್ಡ ಸಾರು ಗೇಟಿಗೆ ತಮಿಳಲ್ಲಿ ಒಂದು ಬೋರ್ಡು ಹಾಕಿಸಿದ್ರು, 'ಮುಗಕ್ಕವಸಂ ಕಟ್ಟಾಯಂ' ಅಂತ. ಮುಖಕ್ಕೆ ಮಾಸ್ಕ್ ಇರಲೇಬೇಕು ಅಂತ ಅರ್ಥ. ಓದೋಕೆ ಬರದೋರಿಗೆ ನಾನು ಅದನ್ನೇ ಕೂಗಿ ಹೇಳಬೇಕು. ಕನ್ನಡದೋರಿಗೆ ಕನ್ನಡದಲ್ಲಿ ಹೇಳೋಣ ಅನ್ನೋ ಬುದ್ಧಿ ನನಗೆ ಮೊದಲ ವಾರ ಬರಲೇ ಇಲ್ಲ. ಆರ್ಡರ್ ತಮಿಳಲ್ಲಿ ಬಂದಿತ್ತಲ್ಲ, ತಮಿಳಲ್ಲೇ ಕೂಗ್ತಿದ್ದೆ.

ಅಂಚೆಟ್ಟಿ ಕಡೆಯಿಂದ ಒಬ್ಬ ತಾತ ಬಂದ. ಅಲ್ಲಿ ಬಸ್ಸು ಕಂಡ್ರೆ ಹಬ್ಬ, ಅರ್ಧ ದಾರಿ ನಡೆದೇ ಬಂದಿದ್ದ. ಮೂತಿಗೆ ಏನೂ ಇಲ್ಲ. ನಾನು ಎದ್ದು ನಿಂತು, "ಮುಗಕ್ಕವಸಂ ಕಟ್ಟಾಯಂ" ಅಂದೆ.

"ಕಟ್ಟಾಯ್ತು ಕಣವ್ವ," ಅಂದ ತಾತ, ನೆಮ್ಮದಿಯಾಗಿ.

ಎಲ್ಲಿ ಅಂದೆ. ಅಂಗಿ ತೋಳು ಮೇಲಕ್ಕೆ ಸರಿಸಿ ರಟ್ಟೆ ತೋರಿಸಿದ. ಕರೀ ದಾರದಲ್ಲಿ ಹೊಸಾ ತಾಯಿತ. ಹೋದ ಸಲ ಬಂದಾಗಲೂ ನಾನು ಹೀಗೇ ಕೂಗಿ ವಾಪಸ್ ಕಳಿಸಿದ್ನಂತೆ. ಸರ್ಕಾರದೋರು ಕವಚ ಕಟ್ಟಿಸ್ಕೊಂಡು ಬಾ ಅಂತಾವ್ರೆ ಅಂದ್ಕೊಂಡು, ಊರ ಪೂಜಾರಿ ಹತ್ರ ಹೋಗಿ ಕಟ್ಟಿಸ್ಕೊಂಡು ಬಂದಿದ್ದ. ನನ್ನ ಚೀಲದಿಂದ ಒಂದು ಮಾಸ್ಕ್ ತೆಗೆದು ಕೊಟ್ಟೆ, ಇದು ಕಟ್ಕೋ ತಾತ ಅಂತ. ಅವನು ಅದನ್ನ ಹಿಂದೆ ಮುಂದೆ ತಿರುಗಿಸಿ ನೋಡಿ, ಬರೀ ಬಟ್ಟೆ ಇದ್ದಂಗೈತೆ, ಇದಕ್ಕೆ ಮಂತ್ರ ಹಾಕವ್ರಾ ಅಂತ ಕೇಳಿದ.

"ದೊಡ್ಡ ಸಾರು ದಿನಾ ಬೆಳಗ್ಗೆಯಿಂದ ಸಂಜೆವರೆಗೂ ಅದೇ ಜಪ ಮಾಡ್ತಾವ್ರೆ ತಾತ, ಒಳಗೆ ಹೋಗು," ಅಂದೆ.

ಮೂಗಿನ ಮಹಿಮೆ

ಇನ್ನೊಂದು ದಿನ ಬಾಗಲೂರು ಕಡೆ ರೈತ ಒಬ್ಬ ಮಾಸ್ಕನ್ನ ಗಡ್ಡದ ಕೆಳಗೆ ಇಳಿಬಿಟ್ಕೊಂಡು ವರಾಂಡದಲ್ಲಿ ನಿಂತಿದ್ದ. ಗೇಟು ದಾಟುವಾಗ ಸರಿಯಾಗೇ ಹಾಕಿದ್ದ ಮಾರಾಯ, ಆಮೇಲೆ ಇಳಿಸಿದ್ದಾನೆ. ದೊಡ್ಡ ಸಾರು ಹೊರಗೆ ಬಂದು ನೋಡಿದ್ರು, ನನ್ನ ಕಡೆ ಒಂದು ಸಲ ಕಣ್ಣು ಬಿಟ್ರು. ನನ್ನ ಕೆಲಸ ಇವತ್ತಿಗೆ ಮುಗೀತು ಅಂದ್ಕೊಂಡೆ. ಅವರು ರೈತನ ಕಡೆ ತಿರುಗಿ, "ಮುಗತ್ತೆ ಮೂಡು" ಅಂದ್ರು. ಮುಖ ಮುಚ್ಕೋ ಅಂತ. ಆ ರೈತನಿಗೆ ತಮಿಳು ಅಷ್ಟಕ್ಕಷ್ಟೆ. ಮುಗ ಅಂದಿದ್ದು ಅವನ ಕಿವಿಗೆ ಮೂಗು ಅಂತ ಬಿತ್ತು. ದೊಡ್ಡೋರು ಹೇಳಿದ ಮೇಲೆ ಇಲ್ಲ ಅನ್ನೋಕಾಗುತ್ತಾ? ಎರಡು ಬೆರಳಲ್ಲಿ ಮೂಗು ಗಟ್ಟಿಯಾಗಿ ಹಿಡ್ಕೊಂಡು ನಿಂತ.

ದೊಡ್ಡ ಸಾರು ಮತ್ತೆ ಜೋರಾಗಿ ಹೇಳಿದ್ರು. ಅವನು ಇನ್ನೂ ಗಟ್ಟಿಯಾಗಿ ಹಿಡ್ಕೊಂಡ, ಕಣ್ಣಲ್ಲಿ ನೀರು ಬಂತು.

ಸಾರು ಗಾಳಿ ಮೂಸಿ ನೋಡಿದ್ರು. ವರಾಂಡದ ಪಕ್ಕದಲ್ಲೇ ಕಕ್ಕಸು, ಅದರ ಪೈಪು ಒಡೆದು ಎಷ್ಟೋ ಕಾಲ ಆಗಿತ್ತು. ನಾವು ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ವಿ. ಮಾಸ್ಕ್ ಹಾಕ್ಕೊಂಡು ಹಾಕ್ಕೊಂಡು ಅವರಿಗೆ ಆ ನಾತ ಅವತ್ತಿನವರೆಗೂ ತಾಕೇ ಇರಲಿಲ್ಲ. ಜನ ನಮ್ಮ ಆಫೀಸಿಗೆ ಬಂದು ಮೂಗು ಹಿಡ್ಕೊಂಡು ನಿಲ್ಲೋ ಹಂಗಾಯ್ತಾ ಅಂತ ಮುಖ ಕೆಂಪಗೆ ಮಾಡ್ಕೊಂಡು, ಅಂದ್ರೆ ಕಾಣಿಸೋ ಅಷ್ಟು ಮುಖ, ಒಳಗೆ ಹೋಗಿ ಫೋನ್ ಮಾಡಿದ್ರು. ಊಟದ ಹೊತ್ತಿಗೆ ಪ್ಲಂಬರ್ ಬಂದ, ಆ ಗಲಾಟೇಲಿ ನನ್ನ ವಿಷಯ ಸಾರಿಗೆ ಮರೆತೇ ಹೋಯ್ತು. ಆ ರೈತ ಹೋಗುವಾಗ ನನ್ನ ಕೇಳಿದ, ಈಗ ಬಿಡಬಹುದೇನಕ್ಕ ಅಂತ.

ಗಂಡ ಅನ್ನೋದಕ್ಕೆ ಸಾಕ್ಷಿ

ನನ್ನ ತಮ್ಮನ ಮದುವೇಲಿ ಕೊಟ್ಟ ಒಂದು ಗಿಳಿಹಸಿರು ಸೀರೆ ಐತೆ, ತುಂಬಾ ದೊಡ್ಡ ದೊಡ್ಡ ಹಳದಿ ಹೂವು. ಅವತ್ತು ಅದನ್ನ ಉಟ್ಟಿದ್ದೆ. ಮಧ್ಯಾಹ್ನ ಹೆಲ್ಮೆಟ್ಟು, ಮಾಸ್ಕು ಎರಡೂ ಹಾಕಿದ ಗಂಡಸು ಒಬ್ಬ ಸೀದಾ ನನ್ನ ಪಕ್ಕಕ್ಕೇ ಬಂದು ನಿಂತ. ದೂರ ನಿಲ್ರೀ, ಮೈಮೇಲೆ ಬೀಳ್ತೀರಲ್ಲ ಅಂತ ಸ್ಯಾನಿಟೈಸರ್ ಬಾಟಲಿ ಎತ್ತಿದೆ.

"ನಿನ್ನ ಗಂಡ ಕಣೆ. ಬುತ್ತಿ ತಂದಿದೀನಿ," ಅಂತು ಹೆಲ್ಮೆಟ್ಟು.

ಲೈನಲ್ಲಿದ್ದ ಜನವೆಲ್ಲ ನಕ್ಕರು. ನನಗೆ ನಾಚಿಕೆ ಆಯ್ತು, ಆದ್ರೂ ಬಿಡಲಿಲ್ಲ. ಮದುವೆ ಆದೋಳು ನಾನೇ ಗುರುತು ಹಿಡೀಲಿಲ್ಲ, ಇಷ್ಟು ಹೆಂಗಸರಲ್ಲಿ ನೀವು ನನ್ನ ಹೆಂಗೆ ಹಿಡಿದ್ರಿ ಅಂತ ಕೇಳಿದೆ. ಬುತ್ತಿ ಕೈಗಿಟ್ಟು ಅಂದ್ರು, ಊರೋರಿಗೆಲ್ಲ ಮುಖ ಮುಚ್ಕೊಳ್ಳಿ ಅಂತೀಯಲ್ಲ, ಆ ಸೀರೆ ಯಾರು ಮುಚ್ಚಬೇಕು?

ಪೇರು

ಈಗ ಹೇಳೋದಿದೆಯಲ್ಲ, ಅದು ನನ್ನ ಕೆಲಸವೇ ಹೋಗಬೇಕಾಗಿದ್ದ ಕಥೆ. ಅದೂ ಅದೇ ದಿನ, ಬುತ್ತಿ ತಿಂದು ಕೈ ತೊಳೆದ ಮೇಲೆ.

ತೊರಪಲ್ಲಿ ಕಡೆಯಿಂದ ತಾಯಿ ಮಗಳು ಬಂದ್ರು. ಮಗಳಿಗೆ ಚಿಕ್ಕೋಳಾಗಿದ್ದಾಗ ಜ್ವರ ಬಂದು ಕಿವಿ ಪೂರ್ತಿ ಹೋಗಿತ್ತು. ಮಾತಾಡ್ತಾಳೆ, ಎದುರಿನೋರ ತುಟಿ ನೋಡಿ ತಿಳ್ಕೋತಾಳೆ. ಶಾಲೆ ಆಗಲೇ ಬಿಡಿಸಿದ್ರಿಂದ ಓದೋಕೆ ಬರದು. ಫ್ಯಾಕ್ಟರಿ ಒಂದರಲ್ಲಿ ಪ್ಯಾಕಿಂಗ್ ಕೆಲಸ ಸಿಕ್ಕಿತ್ತು, ಇದೇ ಊರೋಳು ಅನ್ನೋ ಸರ್ಟಿಫಿಕೇಟ್ ಅವತ್ತು ಸಂಜೆಯೊಳಗೆ ಕೊಡಬೇಕು. ಕೊಡದಿದ್ರೆ ಕೆಲಸ ಇನ್ನೊಬ್ಬರಿಗೆ. ಅರ್ಜಿ ಹಾಕಿದೋರು ಮಾತ್ರ ಒಳಗೆ ಅನ್ನೋದು ರೂಲು, ತಾಯಿ ಗೇಟಲ್ಲೇ ನಿಲ್ಲಬೇಕಾಯ್ತು. ಒಳಗೆ ಎಲ್ಲರ ಬಾಯೂ ಮುಚ್ಚಿರ್ತದಲ್ಲವ್ವ, ನನ್ನ ಮಗಳು ಹೆಂಗೆ ತಿಳ್ಕೋತಾಳೆ ಅಂತ ಆಯಮ್ಮ ಅತ್ಲು. ಅಲ್ಲಿವರೆಗೂ ನನಗೆ ಅದು ಹೊಳೆದೇ ಇರಲಿಲ್ಲ. ಮಾಸ್ಕ್ ಹಾಕಿದ್ರೆ ನಮಗೆ ಮೂತಿ ಬೆವರುತ್ತೆ ಅಷ್ಟೆ, ಆ ಹುಡುಗಿಗೆ ಇಡೀ ಊರೇ ಮೂಕ ಆಗಿಬಿಟ್ಟಿತ್ತು. ತಡೀಲಾರದೆ ಅವಳ ಹಿಂದೆ ನಾನೂ ಒಳಗೆ ಹೋದೆ.

ಕೌಂಟರಲ್ಲಿ ಗಾಜಿನ ಹಿಂದೆ ಗುಮಾಸ್ತರು. ಹುಡುಗಿ ತನ್ನ ಕಿವಿ ಮುಟ್ಟಿ ತೋರಿಸಿದ್ಲು. ಒಳ್ಳೇ ಮನುಷ್ಯ, ಗಾಜು ಅಡ್ಡ ಐತಲ್ಲ ಅಂತ ಮಾಸ್ಕ್ ಇಳಿಸಿ ಮಾತಾಡಿದ್ರು. ಅವರು ಪರ್ಮನೆಂಟ್, ಅವರಿಗೇನು ಹೆದರಿಕೆ. ಆದ್ರೆ ಮಾತಾಡಿದ್ದು ತಮಿಳಲ್ಲಿ. ಈ ಹುಡುಗಿಗೆ ತುಟಿ ಓದೋಕೆ ಬರೋದು ಕನ್ನಡದಲ್ಲಿ ಮಾತ್ರ!

ಆಧಾರಲ್ಲಿ ಅವಳ ಹೆಸರು ಒಂಥರಾ, ರೇಷನ್ ಕಾರ್ಡಲ್ಲಿ ಇನ್ನೊಂಥರಾ ಇತ್ತು. ಯಾವುದು ಸರಿ ಅಂತ ಕೇಳೋಕೆ ಅವರು, "ಪೇರು?" ಅಂದ್ರು. ಪೇರು ಅಂದ್ರೆ ತಮಿಳಲ್ಲಿ ಹೆಸರು. ಹುಡುಗಿ ತಲೆ ಆಡಿಸಿ ಕರೆಂಟ್ ಬಿಲ್ಲು ಕೊಟ್ಟಳು. ಅವರು ಅದನ್ನ ಪಕ್ಕಕ್ಕಿಟ್ಟು ಮತ್ತೆ "ಪೇರು?" ಅಂದ್ರು. ಬ್ಯಾಂಕ್ ಪಾಸ್‌ಬುಕ್ ಕೊಟ್ಟಳು. ಬಾಯಿ ಇಷ್ಟಗಲ ಮಾಡಿ "ಪೇ...ರು?" ಅಂದ್ರು. ಬಸ್ ಟಿಕೆಟ್ಟು, ಛತ್ರಿ, ಕೊನೆಗೆ ಟಿಫನ್ ಬಾಕ್ಸು. ಕೌಂಟರ್ ಮೇಲೆ ಸಂತೆ ನೆರೆದುಬಿಡ್ತು, ಹುಡುಗಿ ಕಣ್ಣಲ್ಲಿ ನೀರು. ಆಗ ನನಗೆ ತಟ್ ಅಂತ ಹೊಳೀತು. ತುಟಿ ಮೇಲೆ 'ಪೇರು' ಅನ್ನೋದೂ ಒಂದೇ, 'ಬೇರೆ' ಅನ್ನೋದೂ ಒಂದೇ. ಬೇರೆ ಕೊಡು, ಬೇರೆ ಕೊಡು ಅಂತಾವ್ರೆ ಅಂದ್ಕೊಂಡು ಆ ಮಗು ಮನೆಯಿಂದ ತಂದಿದ್ದನ್ನೆಲ್ಲ ಕೊಟ್ಟಿತ್ತು.

ಗಾಜಿನ ಹಿಂದಕ್ಕೆ ಹೋಗಿ ಗುಮಾಸ್ತರ ಪಕ್ಕ ನಿಂತೆ. ದೊಡ್ಡ ಸಾರು ಹೇಳಿದ್ದು ನೆನಪಾಯ್ತು, ಮನೆ ಒಲೆನೂ ನೆನಪಾಯ್ತು. ಆದ್ರೂ ಆ ಹುಡುಗಿ ಕಣ್ಣು ನನ್ನ ಮಾಸ್ಕ್ ಮೇಲೇ ನೆಟ್ಟಿತ್ತು. ಕೈ ತಾನಾಗೇ ಹೋಗಿ ಇಳಿಸಿಬಿಡ್ತು.

"ನಿನ್ನ ಹೆಸರು ಯಾವುದು ಸರಿ, ಹೇಳವ್ವ," ಅಂದೆ.

ಅವಳ ಮುಖ ಅರಳಿದ್ದು ನೋಡಬೇಕಿತ್ತು. ಎಷ್ಟೋ ತಿಂಗಳಿಂದ ಮನೆಯೋರ ಬಾಯಿ ಬಿಟ್ಟು ತನಗೆ ಅರ್ಥ ಆಗೋ ಬೇರೆ ಬಾಯೇ ನೋಡಿರ್ಲಿಲ್ಲ ಪಾಪ. ಹೆಸರು ಹೇಳಿದ್ಲು, ತಂದೆ ಹೆಸರು, ಊರು, ಬೀದಿ ಎಲ್ಲಾ ಪಟಪಟ ಹೇಳಿದ್ಲು. ಗುಮಾಸ್ತರು ಕೇಳೋದು, ನಾನು ಕನ್ನಡದಲ್ಲಿ ಬಾಯಿ ಆಡಿಸೋದು. ಸರ್ಟಿಫಿಕೇಟ್ ರೆಡಿ ಆಯ್ತು, ಸಹಿ ಒಂದು ಬಾಕಿ.

ಅಷ್ಟರಲ್ಲಿ ದೊಡ್ಡ ಸಾರು ಬಾಗಿಲಲ್ಲಿ. ಕೌಂಟರ್ ಒಳಗೆ ಬಾಯಿ ಬಿಟ್ಕೊಂಡು ಒಂದು ಹೆಂಗಸು ನಿಂತೈತೆ. ಆ ಮುಖ ಅವರು ಜನ್ಮದಲ್ಲಿ ನೋಡಿಲ್ಲ.

"ಯಾರಿದು? ಒಳಗೆ ಬಿಟ್ಟೋರು ಯಾರು? ಗೇಟಮ್ಮನ್ನ ಕರೀರಿ!" ಅಂತ ತಮಿಳಲ್ಲಿ ಗುಡುಗಿದ್ರು.

ಜೀವ ಬಾಯಿಗೆ ಬಂತು, ಆ ಬಾಯಿಗೆ ಮಾಸ್ಕ್ ಬೇರೆ ಇಲ್ಲ. ಪೆನ್ನು ಬಿದ್ದಂಗೆ ಮಾಡಿ ಮೇಜಿನ ಕೆಳಗೆ ಬಗ್ಗಿದೆ. ಅಲ್ಲೇ ಮಾಸ್ಕ್ ಏರಿಸಿ, ಆ ಕಡೆಯಿಂದ ಎದ್ದು ನಿಂತು, ಕರೆದ್ರಾ ಸಾರ್ ಅಂದೆ. ಗುಮಾಸ್ತರೂ ಅಷ್ಟೊತ್ತಿಗೆ ಮೂಗಿನವರೆಗೂ ಎಳ್ಕೊಂಡು ಕಂಪ್ಯೂಟರೊಳಗೇ ತಲೆ ಇಟ್ಟಿದ್ರು.

ದೊಡ್ಡ ಸಾರು ಕೌಂಟರ್ ಹತ್ರ ಬಂದ್ರು. ಕೌಂಟರ್ ಮೇಲಿದ್ದ ಛತ್ರಿ ನೋಡಿದ್ರು, ಟಿಫನ್ ಬಾಕ್ಸ್ ನೋಡಿದ್ರು. ಕಿವಿ ಮುಟ್ಕೊಂಡು ಗಾಬರಿಯಾಗಿ ನಿಂತಿದ್ದ ಹುಡುಗೀನ ಸ್ವಲ್ಪ ಹೊತ್ತು ನೋಡಿದ್ರು. ಕಾಗದ ತರಿಸ್ಕೊಂಡು ಅಲ್ಲೇ ನಿಂತು ಸಹಿ ಹಾಕಿ, ತಾವೇ ಅವಳ ಕೈಗೆ ಕೊಟ್ರು. ಅವಳು ಎರಡೂ ಕೈ ಮುಗಿದು ತಾಯಿ ಹತ್ರ ಓಡಿದ್ಲು.

ಆಮೇಲೆ ನನ್ನ ಕಡೆ ತಿರುಗಿದ್ರು. ಮಾಸ್ಕ್ ಇಲ್ಲದೆ ಇಲ್ಲೊಂದು ಹೆಂಗಸು ಇತ್ತಲ್ಲ, ಎಲ್ಲಿ ಅಂತ ಕೇಳಿದ್ರು. ಹೊರಟುಹೋದ್ಲು ಸಾರ್, ಇನ್ನು ಬರಲ್ಲ ಅಂದೆ.

ಅವರು ನನ್ನ ತಲೆಯಿಂದ ಪಾದದವರೆಗೂ ಒಂದು ಸಲ ನೋಡಿ, ತಮ್ಮ ರೂಮಿನ ಕಡೆ ನಡೀತಾ ನಡೀತಾ ಅಂದ್ರು: "ಮತ್ತೆ ಯಾವಾಗಾದ್ರೂ ಬಂದ್ರೆ, ಸೀರೆ ಬದಲಾಯಿಸ್ಕೊಂಡು ಬರೋಕೆ ಹೇಳಮ್ಮ."