ಮಾವನವರ ಲೈವ್ ಪ್ರವಾಸ

ಆಫೀಸಿನ ಕೆಲಸವನ್ನು ಮನೆಯಿಂದಲೋ ಎಲ್ಲಿಂದಲೋ, ಎಲ್ಲಿಂದ ಬೇಕಾದರೂ ಮಾಡಬಹುದೆಂದು ವಿಮಾ ಕಂಪನಿಯವರು ಹೇಳಿದಾಗ ನಮ್ಮ ಗುಮಾಸ್ತರು ಕುಣಿದಾಡಿಬಿಟ್ಟರು. ಇನ್ನು ಬಸ್ಸಿನಲ್ಲಿ ನೇತಾಡುವುದು ತಪ್ಪಿತಲ್ಲ! ಆದರೆ ಬಸ್ಸು ತಪ್ಪಿದರೂ ಕಂಡಕ್ಟರು ತಪ್ಪಲಿಲ್ಲ. ಮನೆಯಲ್ಲಿ ಮಾವ ಇದ್ದರು.

ಮಾವನವರು ನಿವೃತ್ತ ಬಸ್ ಕಂಡಕ್ಟರು. (ನಿವೃತ್ತವಾಗಿದ್ದದ್ದು ಮೊಣಕಾಲು ಮಾತ್ರ, ಗಂಟಲು ಇನ್ನೂ ಸೇವೆಯಲ್ಲಿತ್ತು.) ಬೀದಿಯ ತುದಿಗೂ ನಡೆಯಲಾರದ ಅವರು ತಿಂಡಿ ಮುಗಿಸಿ ಟ್ಯಾಬ್ ಹಿಡಿದರೆಂದರೆ ನೇರ ಪರದೇಶಕ್ಕೇ ಪ್ರಯಾಣ. ಎಲ್ಲೋ ದೂರದ ಊರಿನಲ್ಲಿ ನಮ್ಮ ಮಾತು ಬಲ್ಲ ಹುಡುಗಿಯೊಬ್ಬಳು ಫೋನ್ ಹಿಡಿದು ನಡೆಯುತ್ತಾಳೆ. ನೋಡುತ್ತ ಕೂತವರು ಹೇಳಿದ ಕಡೆಗೆ ತಿರುಗುತ್ತಾಳೆ. ಉಳಿದವರೆಲ್ಲ ತಮಗೆ ಬೇಕಾದ್ದನ್ನು ಟೈಪ್ ಮಾಡಿ ಕೇಳಿದರೆ, ಮಾವ ಮೈಕ್ ಒತ್ತಿ ಕೂಗಿಯೇ ಕೇಳುವವರು.

"ಎಡಕ್ಕೆ ತಿರುಗಮ್ಮಾ! ಹೋಲ್ಡಾನ್... ಆ ಅಜ್ಜಿ ದಾಟ್ಕೊಳ್ಳಲಿ. ಹಾಂ, ರೈಟ್, ರೈಟ್!"

ಇಂಟರ್‌ನೆಟ್ ಸರಿಯಾಗಿ ಸಿಗುವುದು ನಡುಮನೆಯಲ್ಲಿ ಮಾತ್ರ. ಹೀಗಾಗಿ ಒಂದು ಮೂಲೆಯಲ್ಲಿ ಅಳಿಯನ ಆಫೀಸು, ಇನ್ನೊಂದು ಮೂಲೆಯಲ್ಲಿ ಮಾವನ ವಿದೇಶ. ಒಮ್ಮೆ ಮೀಟಿಂಗಿನಲ್ಲಿ ಮ್ಯಾನೇಜರು, "ಈ ಭಾನುವಾರ ಯಾರು ಕೆಲಸ ಮಾಡ್ತೀರಿ?" ಎಂದರು. ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದಾಗ ಗುಮಾಸ್ತರ ಕಡೆಯಿಂದ ಕಂಚಿನ ಕಂಠವೊಂದು ಮೊಳಗಿತು: "ರೈಟ್, ರೈಟ್!"

"ಭೇಷ್! ಉತ್ಸಾಹ ಅಂದ್ರೆ ಇದು!" ಎಂದು ಮ್ಯಾನೇಜರು ಗದ್ಗದಿತರಾದರು.

ಸಂಜೆ ಹೆಂಡತಿ ತನ್ನ ಹಲ್ಲಿನ ಆಸ್ಪತ್ರೆಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ಗುಮಾಸ್ತರು ದೂರು ಶುರುಮಾಡಿದರು.

"ನಿಮ್ಮಪ್ಪನಿಗೆ ಸ್ವಲ್ಪ ಹೇಳೇ! ನನ್ನ ಭಾನುವಾರ ಮಣ್ಣುಪಾಲಾಯ್ತು."

"ಈಗ ಅವರ ಕಾಲು ಅಂದ್ರೆ ಆ ಹುಡುಗಿ ಕಾಲೇ ಕಣ್ರೀ. ಅದನ್ನೂ ಕಿತ್ಕೊಳ್ಳೋಣ್ವಾ?"

"ಮತ್ತೆ ನಾನೆಲ್ಲಿಗೆ ಹೋಗ್ಲಿ?"

"ಎಲ್ಲಿಂದ ಬೇಕಾದ್ರೂ ಕೆಲಸ ಮಾಡಬಹುದು ಅಂತ ಕುಣಿದಿದ್ದು ನೀವೇ ತಾನೆ? ಎಲ್ಲಿಗೆ ಬೇಕಾದ್ರೂ ಹೋಗಿ!"

ದಿನಾ ಹಲ್ಲು ಕೀಳುವವಳಿಗೆ ಬಾಯಿ ಕೊಟ್ಟು ಗೆಲ್ಲುವುದುಂಟೆ?

ಅಷ್ಟರಲ್ಲಿ ಆ ಮಹಾದಿನ ಬಂತು. ಗುಮಾಸ್ತರು ತಮ್ಮ ವಿಭಾಗದ ಕೆಲಸವನ್ನು ಸಾಕ್ಷಾತ್ ದೊಡ್ಡ ಸಾಹೇಬರಿಗೆ ಲೈವ್ ಆಗಿ ವಿವರಿಸಬೇಕು. ಅವರು ಮೆಚ್ಚಿದರೆ ಬಡ್ತಿ ಖಂಡಿತ. ಗುಮಾಸ್ತರು ಮಾವನ ಮುಂದೆ ಕೈ ಮುಗಿದು ನಿಂತರು.

"ಬಾಯೇ ಬಿಡಲ್ಲ ಬಿಡಿ ಅಳಿಯಂದ್ರೇ," ಎಂದು ಮಾವ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರು.

ಗುಮಾಸ್ತರು ನಜ್ಜುಗುಜ್ಜಾದ ಕಾರೊಂದರ ಚಿತ್ರ ತೋರಿಸಿ, "ಮಾನ್ಯರೇ, ಈ ಅಪಘಾತಕ್ಕೆ ಮೂಲ ಕಾರಣ..." ಎನ್ನುತ್ತಿದ್ದರು.

"ಹೋಲ್ಡಾನ್! ಹಿಂದೆ ಸೈಕಲ್ ಬರ್ತಿದೆ ಕಣಮ್ಮಾ!"

ದೊಡ್ಡ ಸಾಹೇಬರು ಕುರ್ಚಿಯಿಂದ ಎಗರಿ, ಹಿಂತಿರುಗಿ ನೋಡಿಕೊಂಡರು. ಗುಮಾಸ್ತರು ಮೈಕ್ ಮುಚ್ಚುವಷ್ಟರಲ್ಲಿ ಮಾವನೇ ಕುಂಟುತ್ತ ಬಂದು ಕ್ಯಾಮೆರಾಕ್ಕೆ ಮುಖ ಒಡ್ಡಿದರು.

"ತಪ್ಪಾಯ್ತು ಸ್ವಾಮಿ. ಆ ಮಗು ಸೈಕಲ್ಲಿಗೆ ಸಿಕ್ಕಿಬಿಡ್ತಿತ್ತು. ಅಳಿಯಂದ್ರದ್ದೇನೂ ತಪ್ಪಿಲ್ಲ."

"ಯಾವ ಮಗು? ಎಲ್ಲಿ?" ಎಂದರು ಸಾಹೇಬರು.

ಮಾವ ಟ್ಯಾಬನ್ನೇ ಎತ್ತಿ ತೋರಿಸಿದರು. ಹೂವಿನಂಗಡಿಗಳ ಸಾಲು, ಸೇತುವೆ, ಕೈಬೀಸಿ ನಗುವ ಹುಡುಗಿ. ಸಾಹೇಬರು ಮುಂದಕ್ಕೆ ಬಾಗಿದರು. "ಆ ಸೇತುವೆ ಹತ್ತಿಸಿ ನೋಡೋಣ," ಎಂದರು. ಮೀಟಿಂಗಿಗೆ ಮೀಟಿಂಗೇ ಸೇತುವೆ ಹತ್ತಿ, ಆಚೆ ಇಳಿದು, ಗಡಿಯಾರದಂಗಡಿ ಹೊಕ್ಕಿತು. ನಜ್ಜುಗುಜ್ಜಾದ ಕಾರನ್ನು ಕೇಳುವವರಿಲ್ಲ.

"ನೋಡ್ರಪ್ಪ," ಎಂದರು ಸಾಹೇಬರು ಕೊನೆಗೆ. "ನಾನು ದಿನವಿಡೀ ಮನೇಲಿ ಒಬ್ಬನೇ ಕೂತಿರ್ತೀನಿ. ನೀವೆಲ್ಲ ಮೈಕ್ ಮುಚ್ಚಿ ಗೊಂಬೆಗಳ ಹಾಗಿರ್ತೀರಿ. ಮನುಷ್ಯರ ದನಿ ಕೇಳಿ ಎಷ್ಟು ಕಾಲ ಆಗಿತ್ತು! ನಾಳೆಯಿಂದ ದಿನಾ ಬೆಳಿಗ್ಗೆ ಮೊದಲು ಈ ಯಜಮಾನರ ಪ್ರವಾಸ, ಆಮೇಲೆ ಕೆಲಸ. ಅವರಿಗೆ ಒಳ್ಳೇ ಜಾಗ ಮಾಡಿಕೊಡಿ."

ಆ ಮನೆಯಲ್ಲಿ ಒಳ್ಳೆಯ ಜಾಗವೆಂದರೆ ಗುಮಾಸ್ತರ ಮೇಜೇ. ಮರುದಿನ ಮಾವ ಟ್ಯಾಬಿನಿಂದಲೇ ಮೀಟಿಂಗಿಗೆ ಸೇರಿ ಅಲ್ಲಿ ಕೂತರೆ, ಗುಮಾಸ್ತರು ಲ್ಯಾಪ್‌ಟಾಪ್ ಕಂಕುಳಲ್ಲಿ ಇರುಕಿಕೊಂಡು ಹೆಂಡತಿಯ ಹಿಂದೆ ಹೊರಟರು. ಆಸ್ಪತ್ರೆಯಲ್ಲಿ ಸಿಕ್ಕಿದ್ದು ಹಲ್ಲು ಕೊರೆಯುವ ಯಂತ್ರದ ಪಕ್ಕದ ಸ್ಟೂಲು. ಅವರು ಪ್ರವಾಸಕ್ಕೆ ಸೇರಿಕೊಳ್ಳುವುದಕ್ಕೂ ಯಂತ್ರ ಗುರ್ರೆನ್ನುವುದಕ್ಕೂ, ರೋಗಿ ಅಯ್ಯಯ್ಯೋ ಎಂದು ಕಿರುಚುವುದಕ್ಕೂ ಸರಿಹೋಯಿತು.

"ಏನ್ರೀ ಅದು ಗಲಾಟೆ?" ಮ್ಯಾನೇಜರು ಸಿಡುಕಿದರು. "ನಿಮ್ಮ ಮಾವನವರ ಮಾತೇ ಕೇಳಿಸ್ತಿಲ್ಲ. ಕೆಲಸದ ವೇಳೇಲಿ ಸ್ವಲ್ಪ ಶಿಸ್ತು ಕಲೀರಿ!"